ಹಲಗೆಯ ಮೇಲಿನ ಮುದ್ರೆ, ಕಾಡಿನ ಕಾವಲು

‘ಕ್ವಾರಂಟೈನ್’ ಎಂಬ ಪದದ ಅರ್ಥವನ್ನು ಕಲಬುರಗಿ ಜಿಲ್ಲೆಯ ಜನರಿಗೆ ಯಾರೂ ನಿಘಂಟು ತೆರೆದು ಹೇಳಬೇಕಾಗಿಲ್ಲ. ಕೋವಿಡ್‌ನಿಂದ ದೇಶದಲ್ಲಿ ಸಂಭವಿಸಿದ ಮೊದಲ ಸಾವು ದಾಖಲಾದದ್ದು 2020ರ ಮಾರ್ಚ್ ತಿಂಗಳಲ್ಲಿ, ಕಲಬುರಗಿಯಲ್ಲಿ. ಆ ಬೇಸಿಗೆಯಲ್ಲಿ ಮುಂಬಯಿ, ಪುಣೆಗಳಿಗೆ ದುಡಿಯಲು ಹೋಗಿದ್ದವರು ಮರಳಿ ಬಂದಾಗ ಜಿಲ್ಲೆಯ ಶಾಲೆಗಳೂ ವಸತಿನಿಲಯಗಳೂ ಅವರನ್ನು ಬೇರೆಯಾಗಿ ಇರಿಸುವ ತಾಣಗಳಾದವು. ಮಹಾರಾಷ್ಟ್ರದ ಗಡಿಗೆ ತಾಗಿಕೊಂಡಿರುವ ಆಳಂದ ತಾಲ್ಲೂಕಿನಲ್ಲಿ, ಸರಸಂಬಾದಂಥ ಹಳ್ಳಿಗಳಲ್ಲಿ, ಹೊರಗಿನಿಂದ ಬಂದ ಮನುಷ್ಯನನ್ನು ಕೆಲವು ದಿನ ಕಾದು ನೋಡಿ ಒಳಗೆ ಬಿಡುವುದೆಂದರೇನು ಎಂಬುದು ಅಂದು ಎಲ್ಲರಿಗೂ ತಿಳಿಯಿತು. ಆ ದಿನಗಳಲ್ಲಿ ಗಡಿಯ ತನಿಖಾ ಠಾಣೆಗಳಲ್ಲಿ ಮನುಷ್ಯರು ನಿಂತರು. ಸರಕಿನ ಲಾರಿಗಳು ಸಾಗಿದವು. ಅವು ಸಾಗಲೇಬೇಕಿತ್ತು. ಆದರೆ ಸರಕಿಗೂ ಒಂದು ಕ್ವಾರಂಟೈನ್ ಇದೆ, ಅದನ್ನು ಕಟ್ಟಿ ತಂದ ಕಟ್ಟಿಗೆಗೂ ಒಂದು ಕ್ವಾರಂಟೈನ್ ಇದೆ ಎಂಬುದು ಅಂದೂ ಹೆಚ್ಚಿನವರಿಗೆ ತಿಳಿದಿರಲಿಲ್ಲ, ಇಂದೂ ತಿಳಿದಿಲ್ಲ.

ಮಲೆನಾಡಿನ ಓದುಗರಿಗೆ ಸರಸಂಬಾ ಬಲು ದೂರದ ಊರು. ಅಲ್ಲಿ ಕಾಡಿಲ್ಲ, ಕರಿಮಣ್ಣಿನ ಹೊಲ, ತೊಗರಿ, ಜೋಳ, ಅಲ್ಲೊಂದು ಇಲ್ಲೊಂದು ಬೇವು, ಬನ್ನಿ, ಹುಣಸೆ. ಕಾಡಿನ ವಿಷಯ ಬರೆಯುವ ಪತ್ರಿಕೆಗೆ ಆ ಊರಿನ ಮಾತೇಕೆ ಎಂದು ಕೇಳಬಹುದು. ಕಾರಣ ಸರಳ. ಕಾಡಿಗೆ ಬರುವ ಕೇಡು ಕಾಡಿನ ಗೇಟಿನಿಂದಲೇ ಬರಬೇಕೆಂಬ ನಿಯಮವಿಲ್ಲ. ಅದು ಬಂದರಿನಲ್ಲಿ ಇಳಿದು, ಹೆದ್ದಾರಿಯಲ್ಲಿ ಸಾಗಿ, ಯಾರೂ ನೋಡದ ಒಂದು ಹಿತ್ತಿಲಿನಲ್ಲಿ ಬೀಡುಬಿಟ್ಟು, ಆಮೇಲೆ ನಿಧಾನವಾಗಿ ಬೆಟ್ಟ ಹತ್ತುತ್ತದೆ. ಆ ಹಿತ್ತಿಲು ಸರಸಂಬಾದ್ದಾಗಿರಬಹುದು, ಸಕಲೇಶಪುರದ್ದಾಗಿರಬಹುದು.

ಕಟ್ಟಿಗೆಯೊಳಗೆ ಅಡಗಿ ಬರುವವರು

ಒಂದು ಯಂತ್ರವು ಹೊರದೇಶದಿಂದ ಬರುವ ದಾರಿಯನ್ನು ಊಹಿಸಿಕೊಳ್ಳಬಹುದು. ಅದನ್ನು ಭದ್ರಪಡಿಸಲು ಮರದ ಪೆಟ್ಟಿಗೆ ಬೇಕು, ಕೆಳಗೆ ಎತ್ತುಯಂತ್ರದ ಕೊಕ್ಕೆ ತೂರುವಂತೆ ಹಲಗೆಗಳ ಪ್ಯಾಲೆಟ್ ಬೇಕು, ಅಲುಗಾಡದಂತೆ ಸಂದಿಗೆ ತುರುಕಲು ಮರದ ತುಂಡುಗಳು ಬೇಕು. ಸರಕಿಗೆ ಬೆಲೆಯುಂಟು, ಅದನ್ನು ಹೊತ್ತ ಕಟ್ಟಿಗೆಗೆ ಬೆಲೆಯಿಲ್ಲ. ಆದ್ದರಿಂದಲೇ ಎಲ್ಲ ದೇಶಗಳಲ್ಲಿಯೂ ಈ ಕೆಲಸಕ್ಕೆ ಬಳಸುವುದು ಅಗ್ಗದ ಮರವನ್ನು, ಹಲವೊಮ್ಮೆ ಬೇರೆ ಯಾವ ಕೆಲಸಕ್ಕೂ ಬಾರದ ಮರವನ್ನು. ರೋಗಕ್ಕೋ ಹುಳುವಿಗೋ ತುತ್ತಾಗಿ ಸತ್ತ ಮರಕ್ಕೆ ಇದಕ್ಕಿಂತ ಸುಲಭವಾದ ಮಾರುಕಟ್ಟೆ ಇನ್ನೊಂದಿಲ್ಲ.

ಮರದ ತೊಗಟೆಯ ಸಂದಿನಲ್ಲಿ ದುಂಬಿಗಳು ಮೊಟ್ಟೆಯಿಡುತ್ತವೆ. ಮರಿಹುಳು ಕಟ್ಟಿಗೆಯನ್ನೇ ಉಂಡು, ಅದರೊಳಗೇ ಸುರಂಗ ಕೊರೆದು, ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ವರ್ಷಕ್ಕೂ ಮೀರಿ, ಒಳಗೇ ಬೆಳೆಯುತ್ತದೆ. ಮರ ಹಲಗೆಯಾದದ್ದಾಗಲಿ, ಹಲಗೆ ಪೆಟ್ಟಿಗೆಯಾಗಿ ಹಡಗು ಹತ್ತಿದ್ದಾಗಲಿ ಅದಕ್ಕೆ ಲೆಕ್ಕವಿಲ್ಲ. ಮಲೆನಾಡು ಮತ್ತು ಕೊಡಗಿನ ಅರೇಬಿಕಾ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಫಿಗಿಡದ ಬಿಳಿ ಕಾಂಡಕೊರಕ ಮಾಡುವುದೂ ಇದನ್ನೇ. ಅದು ಈ ನೆಲದ್ದೇ ಕೀಟ. ಅದರ ಸ್ವಭಾವ, ಹಾರುವ ಕಾಲ, ಅದಕ್ಕೆ ಬೇಕಾದ ಬಿಸಿಲು ನೆರಳು ಎಲ್ಲವೂ ತಿಳಿದಿವೆ. ಆದರೂ ಅದನ್ನು ಹಿಡಿತದಲ್ಲಿಡಲು ಪ್ರತಿ ವರ್ಷ ಗಿಡ ಕಿತ್ತು ಸುಡಬೇಕಾಗಿದೆ. ಅದೇ ಕುಲದ ಉದ್ದ ಮೀಸೆಯ ದುಂಬಿಯೊಂದು ಪರದೇಶದಿಂದ ಬಂದರೆ? ಇಲ್ಲಿ ಅದನ್ನು ತಿನ್ನುವ ಹಕ್ಕಿಯಿಲ್ಲ, ಅದಕ್ಕೆ ಅಂಟುವ ರೋಗವಿಲ್ಲ, ಅದರ ಹೆಸರು ಬಲ್ಲವರೂ ಇಲ್ಲ.

ಇದು ಬರಿಯ ಭಯವಲ್ಲ. ಏಷ್ಯಾದ ಉದ್ದ ಮೀಸೆಯ ದುಂಬಿ 1996ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಪ್ರದೇಶದ ಬೀದಿಮರಗಳಲ್ಲಿ ಕಾಣಿಸಿತು. ಚೀನಾದಿಂದ ಬಂದ ಸರಕಿನ ಕಟ್ಟಿಗೆಯಲ್ಲಿ ಅದು ಸಮುದ್ರ ದಾಟಿತ್ತು. 2008ರಲ್ಲಿ ಅದೇ ದುಂಬಿ ಮ್ಯಾಸಚೂಸೆಟ್ಸ್‌ನ ವೂಸ್ಟರ್ ನಗರದಲ್ಲಿ ಪತ್ತೆಯಾದಾಗ, ಹರಡುವುದನ್ನು ತಡೆಯಲು ಅಲ್ಲಿ 30 ಸಾವಿರಕ್ಕೂ ಹೆಚ್ಚು ಮರಗಳನ್ನು ಕಡಿಯಬೇಕಾಯಿತು. 2002ರಲ್ಲಿ ಡೆಟ್ರಾಯಿಟ್ ಸಮೀಪ ಪತ್ತೆಯಾದ ಹಸಿರು ಬಣ್ಣದ ಆ್ಯಶ್ ಕೊರಕವೂ ಸರಕಿನ ಕಟ್ಟಿಗೆಯಲ್ಲಿಯೇ ಬಂದಿರಬೇಕೆಂಬುದು ವಿಜ್ಞಾನಿಗಳ ಅಭಿಪ್ರಾಯ. ಅದು ಉತ್ತರ ಅಮೆರಿಕದ ಆ್ಯಶ್ ಮರಗಳನ್ನು ಕೋಟಿಗಟ್ಟಲೆ ಕೊಂದಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಜಂತುವೊಂದು ಉತ್ತರ ಅಮೆರಿಕದಿಂದ ಜಪಾನಿಗೆ ಹೋಗಿ ಅಲ್ಲಿನ ಪೈನ್ ತೋಪುಗಳನ್ನು ಒಣಗಿಸಿತು; 1999ರಲ್ಲಿ ಪೋರ್ಚುಗಲ್‌ನಲ್ಲಿ ಕಾಣಿಸಿ ಯುರೋಪಿಗೂ ಕಾಲಿಟ್ಟಿತು. ತಮ್ಮ ತವರಿನಲ್ಲಿ ಈ ಜೀವಿಗಳಲ್ಲಿ ಕೆಲವು ಇಷ್ಟು ಕೇಡು ಮಾಡಿರಲಿಲ್ಲ. ಊರು ಬದಲಾದಾಗ ಅವುಗಳ ಗುಣವೂ ಬದಲಾದಂತೆ ಕಂಡಿತು.

ನಿಯಮ ಏನು ಹೇಳುತ್ತದೆ

ಇಂಥ ಅನುಭವಗಳ ಬಳಿಕ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಡಂಬಡಿಕೆಯ ದೇಶಗಳು 2002ರಲ್ಲಿ ಒಂದು ಮಾನದಂಡವನ್ನು ಒಪ್ಪಿಕೊಂಡವು. ಬಂದರುಗಳಲ್ಲಿ ಅದರ ಹೆಸರು ‘ಐಎಸ್‌ಪಿಎಂ–15’. ದೇಶದಿಂದ ದೇಶಕ್ಕೆ ಹೋಗುವ ಪೆಟ್ಟಿಗೆ, ಪ್ಯಾಲೆಟ್, ಸಂದಿಗೆ ತುರುಕುವ ತುಂಡು ಎಲ್ಲವನ್ನೂ ತೊಗಟೆ ಸುಲಿದ ಮರದಿಂದಲೇ ಮಾಡಬೇಕು. ಆ ಮರವನ್ನು ಹುಳು ಸಾಯುವಂತೆ ಸಂಸ್ಕರಿಸಬೇಕು. ಸಂಸ್ಕರಿಸಿದ್ದಕ್ಕೆ ಸಾಕ್ಷಿಯಾಗಿ ಅದರ ಮೇಲೆ ಮುದ್ರೆಯೊತ್ತಬೇಕು. ಮುದ್ರೆಯಲ್ಲಿ ಒಂದು ತೆನೆಯ ಚಿತ್ರ, ದೇಶದ ಸಂಕೇತ, ತಯಾರಕನ ಸಂಖ್ಯೆ, ಸಂಸ್ಕರಣೆಯ ಸಂಕೇತ ಇರುತ್ತವೆ. ‘ಎಚ್‌ಟಿ’ ಎಂದಿದ್ದರೆ ಕಾಯಿಸಿದ್ದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಅನಿಲದ ಹೊಗೆ ಹಾಕಿದ್ದು.

ಕಾಯಿಸುವುದೆಂದರೆ ಬಿಸಿಲಿಗೆ ಹರವುವುದಲ್ಲ. ಕಲಬುರಗಿಯ ಬೇಸಿಗೆಯ ಬಿಸಿಲೇ ಸಾಲದೇ ಎಂದು ಸರಸಂಬಾದ ರೈತನೊಬ್ಬ ಕೇಳಿದರೆ ಆಶ್ಚರ್ಯವಿಲ್ಲ. ಅಲ್ಲಿ ಮೇ ತಿಂಗಳಲ್ಲಿ ಪಾದರಸ 43–44 ಡಿಗ್ರಿ ಮುಟ್ಟುವುದುಂಟು. ಆದರೆ ನಿಯಮ ಕೇಳುವುದು ಕಟ್ಟಿಗೆಯ ನಡುತಿರುಳು 56 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಎಡೆಬಿಡದೆ 30 ನಿಮಿಷ ಹಾಗೆಯೇ ಇರಬೇಕೆಂದು. ಹಲಗೆಯ ಮೈ ಸುಟ್ಟರೂ ಒಳಗಿನ ಹುಳು ತಣ್ಣಗೆ ಮಲಗಿರಬಲ್ಲದು. ಅದಕ್ಕಾಗಿಯೇ ಮುಚ್ಚಿದ ಕೋಣೆ, ಕಟ್ಟಿಗೆಯೊಳಗೆ ಚುಚ್ಚಿದ ಉಷ್ಣಮಾಪಕ, ದಾಖಲೆಯ ಪುಸ್ತಕ ಇವೆಲ್ಲ ಬೇಕಾಗುತ್ತವೆ. ಪ್ಲೈವುಡ್ಡಿಗೆ, ಪುಡಿ ಒತ್ತಿ ಮಾಡಿದ ಹಲಗೆಗೆ, 6 ಮಿಲಿಮೀಟರಿಗಿಂತ ದಪ್ಪವಿಲ್ಲದ ಕಟ್ಟಿಗೆಗೆ ಈ ನಿಯಮ ಅನ್ವಯಿಸುವುದಿಲ್ಲ. ಪ್ಲೈವುಡ್ಡು, ಒತ್ತುಹಲಗೆಗಳು ತಯಾರಾಗುವಾಗಲೇ ಬಿಸಿಯನ್ನೂ ಅಂಟನ್ನೂ ಕಂಡಿರುತ್ತವೆ. ತೆಳುಕಟ್ಟಿಗೆಯಲ್ಲಿ ಹುಳುವಿಗೆ ತಾವಿರುವುದಿಲ್ಲ.

ಭಾರತದಲ್ಲಿ ಇದಕ್ಕೆ ಆಧಾರವಾಗಿರುವುದು 1914ರ ವಿನಾಶಕಾರಿ ಕೀಟಗಳ ಕಾಯ್ದೆಯಡಿ ಹೊರಡಿಸಿದ ‘ಸಸ್ಯ ಸಂಗರೋಧ (ಆಮದು ನಿಯಂತ್ರಣ) ಆದೇಶ, 2003’. ಬೀಜ, ಸಸಿ, ಹಣ್ಣು, ಧಾನ್ಯ ತರುವವರಿಗೆ ಆಮದು ಪರವಾನಗಿಯೂ ಕಳುಹಿಸಿದ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಯಂತ್ರ, ಅಮೃತಶಿಲೆ, ಗಾಜು ತರುವವರಿಗೆ ಅವು ಬೇಡ. ಅವರ ಸರಕು ಸಸ್ಯವಲ್ಲ. ಆದರೆ ಸರಕು ಕುಳಿತ ಕಟ್ಟಿಗೆ ಸಸ್ಯವೇ. ಅದಕ್ಕೆ ಪ್ರತ್ಯೇಕ ಪ್ರಮಾಣಪತ್ರವಿಲ್ಲ, ಮುದ್ರೆಯೇ ಪ್ರಮಾಣಪತ್ರ. ಸಂಸ್ಕರಿಸದ, ಮುದ್ರೆಯಿಲ್ಲದ ಕಟ್ಟಿಗೆಯಲ್ಲಿ ಬಂದ ಸರಕನ್ನು ಕಸ್ಟಮ್ಸ್ ಅಧಿಕಾರಿ ಬಿಡುಗಡೆ ಮಾಡುವಂತಿಲ್ಲ. ಸಸ್ಯ ಸಂಗರೋಧ ಅಧಿಕಾರಿಯ ಕಣ್ಣೆದುರು ಅದನ್ನು ಸಂಸ್ಕರಿಸಿದ ಮೇಲೆಯೇ ಬಿಡಬೇಕು. ಈ ಅಧಿಕಾರಿಗಳು ಫರೀದಾಬಾದಿನಲ್ಲಿ ಕೇಂದ್ರ ಕಚೇರಿಯಿರುವ ಸಸ್ಯ ಸಂರಕ್ಷಣೆ, ಸಂಗರೋಧ ಮತ್ತು ದಾಸ್ತಾನು ನಿರ್ದೇಶನಾಲಯಕ್ಕೆ ಸೇರಿದವರು. ಕರ್ನಾಟಕದಲ್ಲಿ ಮಂಗಳೂರು, ಬೆಂಗಳೂರುಗಳಲ್ಲಿ ಅವರ ಕೇಂದ್ರಗಳಿವೆ.

ಬಾರದೆ ಹೋದ ಹುಳುವಿನ ಲೆಕ್ಕ

ಇಂಥ ಕಾವಲಿನ ದೊಡ್ಡ ತೊಡಕೆಂದರೆ ಅದರ ಗೆಲುವು ಯಾರ ಕಣ್ಣಿಗೂ ಬೀಳುವುದಿಲ್ಲ. 1906ರಲ್ಲಿ ಬ್ರಿಟಿಷ್ ಸರ್ಕಾರ ಅಮೆರಿಕದಿಂದ ಬರುವ ಹತ್ತಿಯನ್ನು ಮುಂಬಯಿ ಬಂದರಿನಲ್ಲಿ ಹೊಗೆಯಾಡಿಸಿಯೇ ಒಳಬಿಡಬೇಕೆಂದು ಆಜ್ಞೆ ಮಾಡಿತು. ಮೆಕ್ಸಿಕೊ ಮೂಲದ ಹತ್ತಿಕಾಯಿಯ ಸೊಂಡಿಲು ಹುಳು ಆಗ ಅಮೆರಿಕದ ಹತ್ತಿಯ ಸೀಮೆಯನ್ನು ಹಾಳುಮಾಡುತ್ತಿತ್ತು. ಆ ಹುಳು ಇಂದಿಗೂ ಭಾರತದಲ್ಲಿ ನೆಲೆಯೂರಿಲ್ಲ. ಕಲಬುರಗಿ, ರಾಯಚೂರುಗಳ ಕರಿಮಣ್ಣಿನ ಹತ್ತಿ ಬೆಳೆಗಾರರಿಗೆ ಹತ್ತಾರು ಹುಳುಗಳ ಕಾಟವಿದೆ. ಈ ಒಂದರ ಕಾಟವಿಲ್ಲ. ಅದಕ್ಕಾಗಿ ಯಾರೂ ಯಾವ ಅಧಿಕಾರಿಗೂ ಹಾರ ಹಾಕಿಲ್ಲ. ಬಂದ ಹುಳುವಿನ ಹಾನಿಯನ್ನು ಎಕರೆ ಲೆಕ್ಕದಲ್ಲಿ ಹೇಳಬಹುದು. ಬಾರದೆ ಹೋದ ಹುಳುವಿಗೆ ಲೆಕ್ಕವೇ ಇಲ್ಲ. ಆದ್ದರಿಂದ ಆಯವ್ಯಯ ಪತ್ರ ಬರೆಯುವವರಿಗೆ ಸಂಗರೋಧ ಕೇಂದ್ರವೆಂಬುದು ಖರ್ಚಾಗಿ ಕಾಣುತ್ತದೆ, ವ್ಯಾಪಾರಿಗೆ ಅಡ್ಡಿಯಾಗಿ ಕಾಣುತ್ತದೆ.

ಬಾಗಿಲು ಸಡಿಲಿಸಿದಾಗ ಏನಾಗುತ್ತದೆ ಎಂಬುದಕ್ಕೆ ಮಾತ್ರ ಸಾಕ್ಷಿಗಳು ಬೇಕಷ್ಟಿವೆ. ಪಾರ್ಥೇನಿಯಂ ಕಳೆ 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂತು. ಹೊರದೇಶದ ಗೋಧಿಯೊಂದಿಗೆ ಅದು ಬಂದಿತೆಂಬುದು ಸಾಮಾನ್ಯ ನಂಬಿಕೆ. ಪುಣೆಯಿಂದ ಆಳಂದಕ್ಕೆ, ಆಳಂದದಿಂದ ಆಗುಂಬೆಯ ತಪ್ಪಲಿಗೆ ಅದಕ್ಕೆ ಯಾವ ಪರವಾನಗಿಯೂ ಬೇಕಾಗಲಿಲ್ಲ. ಕರ್ನಾಟಕ ಸರ್ಕಾರ ಅದನ್ನು 1975ರಲ್ಲಿ ಪೀಡೆ ಎಂದು ಘೋಷಿಸಿತು. ಘೋಷಣೆಯನ್ನು ಕಳೆ ಓದಲಿಲ್ಲ. ಕಾಫಿಯ ಕಾಯಿಕೊರಕ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಂಡು, ಕೊಡಗಿಗೂ ಅಲ್ಲಿಂದ ಮುಂದಕ್ಕೂ ಹರಡಿತು. ಮೆಣಸಿನ ಬಳ್ಳಿಗೆ ಆಸರೆಯಾಗಿ ಬೆಳೆಸುವ ಹಾಲವಾಣದ ಎಲೆ, ಚಿಗುರುಗಳಲ್ಲಿ ಗಂಟು ಕಟ್ಟುವ ಸಣ್ಣ ಕಣಜ 2000ರ ದಶಕದ ನಡುವೆ ಕೇರಳ, ಕರ್ನಾಟಕಗಳಲ್ಲಿ ಕಾಣಿಸಿ, ಅದುವರೆಗೆ ಯಾವ ಆರೈಕೆಯನ್ನೂ ಬೇಡದಿದ್ದ ಮರವನ್ನು ರೋಗಿಯನ್ನಾಗಿಸಿತು. 2018ರಲ್ಲಿ ಅಮೆರಿಕ ಖಂಡದ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಒಂದೆರಡು ವರ್ಷಗಳಲ್ಲಿ ಅದು ದೇಶದ ಬಹುಪಾಲು ರಾಜ್ಯಗಳನ್ನು ತಲುಪಿ, ಜೋಳಕ್ಕೂ ಬಾಯಿ ಹಾಕಿತು.

ಇವೆಲ್ಲ ಮರದ ಪೆಟ್ಟಿಗೆಯಲ್ಲಿಯೇ ಬಂದವೆಂದು ಹೇಳುತ್ತಿರುವುದಲ್ಲ. ದಾರಿಗಳು ಬೇರೆ ಬೇರೆ. ಆದರೆ ಪಾಠ ಒಂದೇ. ಪುಣೆಯಲ್ಲಿ ಬಂದದ್ದು ಮಲೆಗೆ ಏರುತ್ತದೆ, ಶಿವಮೊಗ್ಗದಲ್ಲಿ ಕಂಡದ್ದು ಬಯಲಿಗೆ ಇಳಿಯುತ್ತದೆ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ?

ಕಾಗದಪತ್ರಗಳೆಲ್ಲ ವ್ಯರ್ಥವೆನ್ನುವವರಿಗೆ ಪಾರ್ಥೇನಿಯಂನ ಕಥೆಯಲ್ಲಿಯೇ ಉತ್ತರವೂ ಇದೆ. ಆ ಕಳೆಯ ಎಲೆಯನ್ನು ತಿನ್ನುವ ದುಂಬಿಯೊಂದನ್ನು 1980ರ ದಶಕದ ಮೊದಲ ಭಾಗದಲ್ಲಿ ಮೆಕ್ಸಿಕೊದಿಂದ ಬೆಂಗಳೂರಿಗೆ ತಂದಾಗ, ವಿಜ್ಞಾನಿಗಳು ಅದನ್ನು ಸಂಗರೋಧದಲ್ಲಿಟ್ಟು, ಇಲ್ಲಿನ ಬೆಳೆಗಳನ್ನು ಅದು ಬದುಕಲು ಆಶ್ರಯಿಸುತ್ತದೆಯೇ ಎಂದು ಪರೀಕ್ಷಿಸಿದ ಬಳಿಕವೇ ಹೊರಗೆ ಬಿಟ್ಟರು. ಉಪಕಾರಿ ಎಂದು ಕರೆತಂದ ಹುಳುವಿಗೆ ಇಷ್ಟೊಂದು ತಪಾಸಣೆ. ಕರೆಯದೆ ಬರುವ ಹುಳುವಿಗೆ ಒಂದು ಮುದ್ರೆಯ ಪರೀಕ್ಷೆಯೂ ಕಷ್ಟವೆಂದರೆ ಹೇಗೆ?

ಬಂದರಿನಾಚೆ ನಿಯಮಕ್ಕೆ ಕಾಲಿಲ್ಲ

ಈಗಿನ ವ್ಯವಸ್ಥೆಯ ಕೊರತೆ ಎಲ್ಲಿದೆ? ಮುಖ್ಯವಾದ ಕೊರತೆ ಎರಡು.

ಮೊದಲನೆಯದು, ಮುದ್ರೆ ಹುಳುವಲ್ಲ, ಮುದ್ರೆಯ ಪರೀಕ್ಷೆ ಹುಳುವಿನ ಪರೀಕ್ಷೆಯಲ್ಲ. ಬಂದ ಕಂಟೇನರುಗಳನ್ನೆಲ್ಲ ತೆರೆದು ನೋಡುವುದು ಯಾವ ದೇಶಕ್ಕೂ ಸಾಧ್ಯವಿಲ್ಲ. 2016ರ ಏಪ್ರಿಲ್‌ನಲ್ಲಿ ಭಾರತದ ಕಸ್ಟಮ್ಸ್ ಜಾರಿಗೆ ತಂದ ಏಕಗವಾಕ್ಷಿ ವ್ಯವಸ್ಥೆಯಲ್ಲಿ ಆಮದುದಾರರು ಎಲ್ಲ ಇಲಾಖೆಗಳಿಗೆ ಬೇಕಾದ ವಿವರವನ್ನು ಒಂದೇ ಕಡೆ ಸಲ್ಲಿಸುತ್ತಾರೆ. ಅಪಾಯದ ಅಂದಾಜಿನ ಮೇಲೆ ಕೆಲವನ್ನು ಮಾತ್ರ ತಪಾಸಣೆಗೆ ಆರಿಸುತ್ತಾರೆ. ಇದರಿಂದ ವೇಗ ಹೆಚ್ಚಿದ್ದು ನಿಜ. ಆದರೆ ಯಂತ್ರ ತರುವವನ ಅರ್ಜಿಯಲ್ಲಿ ಯಂತ್ರದ ವಿವರ ಮುಖ್ಯ, ಪೆಟ್ಟಿಗೆಯ ವಿವರ ಗೌಣ. ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಈ ಮಾನದಂಡ ಬಂದ ಮೇಲೆ ಹುಳುವಿರುವ ಕಟ್ಟಿಗೆಯ ಪ್ರಮಾಣ ಗಣನೀಯವಾಗಿ ಇಳಿದಿತ್ತು. ಆದರೂ ಸಾವಿರಕ್ಕೆ ಸುಮಾರು ಒಂದು ಸರಕಿನಲ್ಲಿ ಹುಳು ಉಳಿದೇ ಇತ್ತು. ಸಾವಿರಕ್ಕೊಂದು ಎಂದರೆ ಕಡಿಮೆಯೇ. ಆದರೆ ಬಂದರುಗಳಿಗೆ ಬರುವುದು ಸಾವಿರವಲ್ಲ, ಲಕ್ಷಗಟ್ಟಲೆ ಕಂಟೇನರು.

ಎರಡನೆಯ ಕೊರತೆ ಹೆಚ್ಚು ಗಂಭೀರ. ಬಂದರನ್ನು ದಾಟಿದ ಮೇಲೆ ಕಟ್ಟಿಗೆಯ ಕಥೆ ಯಾರ ಪುಸ್ತಕದಲ್ಲಿಯೂ ಇಲ್ಲ. ನ್ಹಾವಾ ಶೇವಾದಲ್ಲಿ ಇಳಿದ ಪೆಟ್ಟಿಗೆ ಪುಣೆ, ಸೊಲ್ಲಾಪುರಗಳನ್ನು ದಾಟಿ ಆಳಂದದ ಕಡೆಗೆ ಬರಬಹುದು. ಪಣಂಬೂರಿನ ಬಂದರಿನಲ್ಲಿ ಇಳಿದದ್ದು ಶಿರಾಡಿ ಘಾಟಿಯ ಕಾಡಿನ ನಡುವೆ ಹಾದು ಹಾಸನಕ್ಕೋ ಬೆಂಗಳೂರಿಗೋ ಹೋಗಬಹುದು. ಸರಕು ಇಳಿದ ಮೇಲೆ ಪೆಟ್ಟಿಗೆಗೆ ಹೊಸ ಬಾಳು. ಮರ ದುರ್ಲಭವಾದ ಬಯಲುಸೀಮೆಯಲ್ಲಿ ಪ್ಯಾಕಿಂಗ್ ಕಟ್ಟಿಗೆ ಎಸೆಯುವ ವಸ್ತುವಲ್ಲ. ದನದ ಕೊಟ್ಟಿಗೆಗೆ ಅಡ್ಡೆಯಾಗಿ, ಅಂಗಡಿಯ ಮುಂದೆ ಹಲಗೆಯಾಗಿ, ಹಿತ್ತಿಲಿನಲ್ಲಿ ಉರುವಲಿನ ರಾಶಿಯಾಗಿ ಅದು ಉಳಿಯುತ್ತದೆ. ಮಲೆನಾಡಿನ ಹೋಂಸ್ಟೇಗಳಲ್ಲಿ ಅದೇ ಕಟ್ಟಿಗೆಯ ಮೇಜು, ಬೆಂಚು ಅಲಂಕಾರವಾಗುತ್ತವೆ. ಹಸಿರು ವಿದ್ಯುತ್ತಿನ ಸೌರ ಫಲಕಗಳು ಬರುವುದೂ ಪ್ಯಾಲೆಟ್ಟಿನ ಮೇಲೆಯೇ. ಒಡೆದ ಪೆಟ್ಟಿಗೆಯ ಹಲಗೆಗಳನ್ನು ಬಿಡಿಸಿ ಬೇರೆ ಬೇರೆ ಕೆಲಸಕ್ಕೆ ಜೋಡಿಸಿದಾಗ, ಮುದ್ರೆಯಿದ್ದ ಹಲಗೆ ಒಂದು ಕಡೆ, ಹುಳುವಿದ್ದ ಹಲಗೆ ಇನ್ನೊಂದು ಕಡೆ. ಇವು ಹೀಗೆ ಬಳಕೆಯಾಗುವುದು ತಪ್ಪಲ್ಲ. ಕಟ್ಟಿಗೆಯನ್ನು ವ್ಯರ್ಥ ಮಾಡದಿರುವುದು ಒಳ್ಳೆಯ ಗುಣವೇ. ತಪ್ಪಿರುವುದು, ಆ ಕಟ್ಟಿಗೆ ಏನೆಂದು ಬಳಸುವವನಿಗೆ ಹೇಳುವವರು ಯಾರೂ ಇಲ್ಲದಿರುವುದರಲ್ಲಿ.

ಇದರ ಅನ್ಯಾಯವೂ ಗಮನಿಸಬೇಕಾದದ್ದು. ಅಗ್ಗದ ಕಟ್ಟಿಗೆ ಬಳಸಿದ ಲಾಭ ಕಳುಹಿಸಿದವನದು. ಬೇಗ ಬಿಡಿಸಿಕೊಂಡ ಲಾಭ ತರಿಸಿಕೊಂಡವನದು. ಹುಳು ಹೊರಬಿದ್ದರೆ ನಷ್ಟ ಮಾತ್ರ ಆಮದಿನ ಅರ್ಜಿಯನ್ನೇ ನೋಡದ ರೈತನದು, ಅರ್ಜಿ ಬರೆಯಲಾರದ ಮರದ್ದು.

ಆಳಂದದ ರೈತರಿಗೆ ಆಮದಿನ ಈ ಲೆಕ್ಕ ತೊಗರಿಯ ಮೂಲಕ ಮೊದಲೇ ಪರಿಚಿತ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಗುಲಬರ್ಗಾ ತೊಗರಿ ಬೇಳೆಯ ಸೀಮೆ ಅದು. ಮ್ಯಾನ್ಮಾರ್ ಮತ್ತು ಆಫ್ರಿಕಾದ ತೊಗರಿ ಬಂದಾಗಲೆಲ್ಲ ಅಲ್ಲಿನ ಚರ್ಚೆ ಬೆಲೆಯ ಸುತ್ತಲೇ ನಡೆಯುತ್ತದೆ; ಹುಳುವಿನ ಪ್ರಶ್ನೆ ಹಿಂದೆ ಸರಿಯುತ್ತದೆ. ದ್ವಿದಳ ಧಾನ್ಯಗಳನ್ನು ಹೊರಡುವ ಮುನ್ನವೇ ಹೊಗೆಯಾಡಿಸಿರಬೇಕೆಂಬ ನಿಯಮಕ್ಕೆ 2004ರಿಂದ ಒಂದು ದಶಕಕ್ಕೂ ಹೆಚ್ಚು ಕಾಲ ಕೆನಡಾದ ಬಟಾಣಿ, ಮಸೂರಗಳ ವಿಷಯದಲ್ಲಿ ಮತ್ತೆ ಮತ್ತೆ ವಿನಾಯಿತಿ ವಿಸ್ತರಿಸಲಾಯಿತು. ಇಲ್ಲಿಗೆ ಬಂದ ಮೇಲೆ ಹೊಗೆಯಾಡಿಸಿದರೆ ಸಾಕೆಂದಾಯಿತು. ಅದಕ್ಕೆ ಕಾರಣಗಳಿದ್ದಿರಬಹುದು. ಆದರೆ ಗಡಿಯಾಚೆ ಆಗಬೇಕಾದ ಶುದ್ಧಿಯನ್ನು ಮನೆಯೊಳಗೆ ಮಾಡಿಕೊಳ್ಳುವುದು ಅಭ್ಯಾಸವಾದರೆ, ನಿಯಮಕ್ಕೆ ವಿನಾಯಿತಿಯೇ ನಿಯಮವಾಗುತ್ತದೆ.

ಮದ್ದೇ ವಿಷವಾದಾಗ

ಪರಿಸರದ ಕಾಳಜಿಯುಳ್ಳವರು ಇಲ್ಲಿ ಇನ್ನೊಂದು ಸಂಗತಿಯನ್ನು ಮರೆಯುವಂತಿಲ್ಲ. ‘ಎಂಬಿ’ ಮುದ್ರೆಯ ಹಿಂದಿರುವ ಮೀಥೈಲ್ ಬ್ರೋಮೈಡ್ ಬಣ್ಣವಿಲ್ಲದ, ಬಹುತೇಕ ವಾಸನೆಯೂ ಇಲ್ಲದ ವಿಷಾನಿಲ. ಅದು ಮನುಷ್ಯನ ನರಮಂಡಲಕ್ಕೆ ಹಾನಿಕರ. ಗಾಳಿಗೆ ಬಿಟ್ಟಾಗ ಮೇಲೇರಿ ಓಝೋನ್ ಪದರವನ್ನು ತಿನ್ನುತ್ತದೆ. ಮಾಂಟ್ರಿಯಲ್ ಒಪ್ಪಂದದಡಿ ಮುಂದುವರಿದ ದೇಶಗಳು 2005ರೊಳಗೆ, ಅಭಿವೃದ್ಧಿಶೀಲ ದೇಶಗಳು 2015ರೊಳಗೆ ಅದರ ಬಳಕೆಯನ್ನು ಕೈಬಿಡಬೇಕೆಂದಾಯಿತು. ಆದರೆ ಸಂಗರೋಧ ಮತ್ತು ಸಾಗಣೆಗೆ ಮುನ್ನಿನ ಬಳಕೆಗೆ ಮಾತ್ರ ವಿನಾಯಿತಿ ಉಳಿಯಿತು. ಕಾಡನ್ನು ಉಳಿಸುವ ಹೆಸರಿನಲ್ಲಿ ಆಕಾಶವನ್ನು ಸುಡುವುದು ವಿವೇಕವಲ್ಲ. ಮೀಥೈಲ್ ಬ್ರೋಮೈಡನ್ನು ಆದಷ್ಟು ಕಡಿಮೆ ಮಾಡಿ ಬೇರೆ ವಿಧಾನಗಳಿಗೆ ತಿರುಗಬೇಕೆಂದು ಸಸ್ಯ ಸಂರಕ್ಷಣಾ ಒಡಂಬಡಿಕೆಯ ಸಭೆಯೇ 2008ರಲ್ಲಿ ಶಿಫಾರಸು ಮಾಡಿದೆ. ಕಾಯಿಸುವ ಕೋಣೆಗಳಿವೆ, ಪ್ಲೈವುಡ್ಡು, ಒತ್ತುಹಲಗೆಗಳ ಪೆಟ್ಟಿಗೆಗಳಿವೆ. ದಾರಿ ಇಲ್ಲವೆಂದಲ್ಲ, ಅಗ್ಗದ ದಾರಿಯನ್ನು ಬಿಡಲು ಮನಸ್ಸಿಲ್ಲ.

ಎರಡು ಆಕ್ಷೇಪಗಳು

ಇಂಥ ಬಿಗಿ ನಿಯಮಗಳಿಂದ ಸಣ್ಣ ವ್ಯಾಪಾರಿ ಸೊರಗುತ್ತಾನೆ, ಬಂದರಿನಲ್ಲಿ ಸರಕು ಕೊಳೆಯುತ್ತದೆ ಎಂಬುದು ಮೊದಲ ಆಕ್ಷೇಪ. ಅದರಲ್ಲಿ ಸತ್ಯಾಂಶವಿದೆ. ಸರಕು ಬಂದರಿನಲ್ಲಿ ನಿಂತ ಪ್ರತಿ ದಿನಕ್ಕೂ ಬಾಡಿಗೆ ಏರುತ್ತದೆ. ಆದರೆ ವಿಳಂಬವಾಗುವುದು ನಿಯಮ ಪಾಲಿಸಿದವನಿಗಲ್ಲ, ಮುದ್ರೆಯಿಲ್ಲದ ಪೆಟ್ಟಿಗೆ ತರಿಸಿದವನಿಗೆ. ಖರೀದಿಯ ಕರಾರಿನಲ್ಲಿಯೇ ಕಾಯಿಸಿದ ಕಟ್ಟಿಗೆ ಬೇಕೆಂದು ಒಂದು ಸಾಲು ಬರೆದರೆ ಮುಗಿಯುವ ಕೆಲಸವಿದು. ಸಣ್ಣ ಆಮದುದಾರರಿಗೆ ಈ ತಿಳಿವಳಿಕೆಯನ್ನು ಕನ್ನಡದಲ್ಲಿ ಕೊಡುವುದು ಇಲಾಖೆಯ ಕರ್ತವ್ಯ.

ಇದು ಶ್ರೀಮಂತ ದೇಶಗಳು ತಮ್ಮ ಕಾಡಿಗಾಗಿ ಮಾಡಿಕೊಂಡ ನಿಯ­ಮ, ಬಡದೇಶಗಳ ಮೇಲಿನ ಹೇರಿಕೆ ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಖಪ್ರಾ ದುಂಬಿ ಉತ್ತರ ಹೇಳುತ್ತದೆ. ಧಾನ್ಯದ ಚೀಲಗಳಲ್ಲಿ, ಪೆಟ್ಟಿಗೆಯ ಬಿರುಕುಗಳಲ್ಲಿ ಉಣ್ಣದೆಯೂ ಬಹುಕಾಲ ಬದುಕಬಲ್ಲ ಈ ಹುಳುವಿನ ತವರು ಭಾರತ ಉಪಖಂಡವೇ. 1953ರಲ್ಲಿ ಅದು ಕ್ಯಾಲಿಫೋರ್ನಿಯಾದಲ್ಲಿ ಪತ್ತೆಯಾದಾಗ ಅಮೆರಿಕ ವರ್ಷಗಟ್ಟಲೆ ಹೋರಾಡಿ ಅದನ್ನು ಅಳಿಸಬೇಕಾಯಿತು. ಯಾವ ದೇಶವೂ ಕೇವಲ ಬಲಿಪಶುವಲ್ಲ, ಯಾವ ದೇಶವೂ ಕೇವಲ ಅಪರಾಧಿಯಲ್ಲ. ಕರ್ನಾಟಕದಿಂದ ಹೊರಹೋಗುವ ಗ್ರಾನೈಟ್ ಚಪ್ಪಡಿಯ ಪೆಟ್ಟಿಗೆಗೆ ಮುದ್ರೆಯಿಲ್ಲದಿದ್ದರೆ ಆ ಕಡೆಯ ಬಂದರು ಅದನ್ನು ಒಳಗೆ ಬಿಡದು; ಆದ್ದರಿಂದ ರಫ್ತುದಾರರು ಶ್ರದ್ಧೆಯಿಂದ ಮುದ್ರೆ ಒತ್ತಿಸುತ್ತಾರೆ. ಹೊರಹೋಗುವ ಕಟ್ಟಿಗೆಗೆ ಇರುವ ಶ್ರದ್ಧೆ ಒಳಬರುವ ಕಟ್ಟಿಗೆಗೆ ಇಲ್ಲದಿದ್ದರೆ, ಪರರ ಕಾಡಿಗೆ ಕಾವಲಿಟ್ಟು ಸ್ವಂತ ಕಾಡನ್ನು ಬಯಲಿಗೆ ಬಿಟ್ಟಂತೆ. ಹೇರಿಕೆ ಇರುವುದು ನಿಯಮದಲ್ಲಲ್ಲ, ಅದನ್ನು ಒಂದೇ ದಿಕ್ಕಿನಲ್ಲಿ ಪಾಲಿಸುವುದರಲ್ಲಿ.

ಆಗಬೇಕಾದದ್ದು

ಮೊದಲಿಗೆ ಕಾಯ್ದೆ. 1914ರ ಕಾಯ್ದೆ ಹಾಯಿಹಡಗು ಮರೆಯಾಗುತ್ತಿದ್ದ ಕಾಲದ್ದು; ಕಂಟೇನರಿನ ಕಾಲಕ್ಕೆ ಅದು ಸಾಲದು. ಅದರ ಬದಲಿಗೆಂದು ಕೃಷಿ ಜೈವಿಕ ಸುರಕ್ಷತಾ ಮಸೂದೆಯೊಂದನ್ನು 2013ರಲ್ಲಿ ಲೋಕಸಭೆಯಲ್ಲಿ ಮಂಡಿಸಲಾಯಿತು. 2014ರಲ್ಲಿ ಆ ಲೋಕಸಭೆಯ ಅವಧಿಯೊಂದಿಗೇ ಅದು ಬಿದ್ದುಹೋಯಿತು. ಹೊಸ ಕಾಯ್ದೆ ಬೇಕು. ಹುಳು ಬಂದುದಕ್ಕೆ ಆಮದುದಾರನನ್ನು ಹೊಣೆಯಾಗಿಸುವ, ನಷ್ಟಕ್ಕೆ ಪರಿಹಾರ ಕೊಡಿಸುವ ಕಾಯ್ದೆ ಬೇಕು.

ಎರಡನೆಯದು ಮಾಹಿತಿ. ಯಾವ ಬಂದರಿನಲ್ಲಿ, ಯಾವ ದೇಶದ ಕಟ್ಟಿಗೆಯಲ್ಲಿ, ಯಾವ ಹುಳು ಸಿಕ್ಕಿತು ಎಂಬ ವಿವರ ಕಡತದಲ್ಲಿ ಮಲಗಬಾರದು. ಅದನ್ನು ಕಾಲಕಾಲಕ್ಕೆ ಚಿತ್ರಸಹಿತ ಕನ್ನಡದಲ್ಲಿ ಪ್ರಕಟಿಸಿ, ಕೃಷಿ ವಿಜ್ಞಾನ ಕೇಂದ್ರಗಳಿಗೂ ಹೋಬಳಿಯ ರೈತ ಸಂಪರ್ಕ ಕೇಂದ್ರಗಳಿಗೂ ಅರಣ್ಯ ಇಲಾಖೆಗೂ ತಲುಪಿಸಬೇಕು.

ಮೂರನೆಯದು ಕಟ್ಟಿಗೆಯ ಮುಂದಿನ ಹಾದಿ. ದೊಡ್ಡ ಪ್ರಮಾಣದಲ್ಲಿ ಆಮದು ಮಾಡಿಕೊಳ್ಳುವ ಕಾರ್ಖಾನೆಗಳು, ಸೌರ ವಿದ್ಯುತ್ ಯೋಜನೆಗಳು ತಮ್ಮ ಪ್ಯಾಕಿಂಗ್ ಕಟ್ಟಿಗೆಯನ್ನು ಯಾರಿಗೆ ಮಾರಿದವೆಂಬ ಲೆಕ್ಕವಿಡಬೇಕು. ಮುದ್ರೆಯಿಲ್ಲದ್ದನ್ನೂ ರಂಧ್ರ ಬಿದ್ದದ್ದನ್ನೂ ಅಲ್ಲಿಯೇ ನಾಶಪಡಿಸಬೇಕು. ಕಾಡಂಚಿನ ಪಂಚಾಯಿತಿಗಳಿಗೆ ಈ ಲೆಕ್ಕ ಕೇಳುವ ಅಧಿಕಾರವಿರಬೇಕು.

ನಾಲ್ಕನೆಯದು ಊರಿನ ಕಣ್ಣು. ಇದೇ ಎಲ್ಲಕ್ಕಿಂತ ಮುಖ್ಯವಾದದ್ದು. ಸೈನಿಕ ಹುಳುವನ್ನು 2018ರಲ್ಲಿ ಗುರುತಿಸಿದ್ದು ಬಂದರಿನ ಯಂತ್ರವಲ್ಲ. ಶಿವಮೊಗ್ಗದ ಹೊಲಗಳಲ್ಲಿ ನಡೆದಾಡಿದ ಕೃಷಿ ವಿಜ್ಞಾನಿಗಳ ಕಣ್ಣು. ಬ್ರೂಕ್ಲಿನ್‌ನಲ್ಲಿಯೂ ದುಂಬಿಯ ಸುಳಿವು ಸಿಕ್ಕಿದ್ದು ಬಂದರಿನಲ್ಲಲ್ಲ, ಬೀದಿಯ ಮರದಲ್ಲಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ನಡೆಯಬೇಕು. ಆ ದಾಖಲೆಯಲ್ಲಿ ಊರಿನಲ್ಲಿರುವ ಜೀವಿಗಳ ಪಟ್ಟಿಯ ಜೊತೆಗೆ, ಹೊಸದಾಗಿ ಕಂಡ ಅಪರಿಚಿತ ಜೀವಿಗಳಿಗೂ ಕಾರಣವಿಲ್ಲದೆ ಒಣಗಿದ ಮರಗಳಿಗೂ ಒಂದು ಪುಟವಿರಲಿ. ಶಾಲಾ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಾಯೋಗಿಕ ಪಾಠ ಸಿಗಲಾರದು.

ನೋಡಬೇಕಾದ ಗುರುತುಗಳು ಕಷ್ಟದವಲ್ಲ. ಹಳೆಯ ಪೆಟ್ಟಿಗೆಯ ಹಲಗೆಯಲ್ಲಿ ತೆನೆಯ ಚಿತ್ರದ ಮುದ್ರೆ ಇದೆಯೇ? ಅದರಲ್ಲಿ ಬರೆದದ್ದು ‘ಎಚ್‌ಟಿ’ಯೋ ‘ಎಂಬಿ’ಯೋ? ಹಲಗೆಯ ಅಂಚಿನಲ್ಲಿ ತೊಗಟೆ ಉಳಿದಿದೆಯೇ? ಕೊರೆದಂತೆ ದುಂಡಗಿನ ರಂಧ್ರಗಳಿವೆಯೇ, ಕೆಳಗೆ ಹೊಸ ಮರದ ಹುಡಿ ಉದುರಿದೆಯೇ? ಪಕ್ಕದ ಮರ ತುದಿಯಿಂದ ಒಣಗುತ್ತಾ ಬರುತ್ತಿದೆಯೇ? ಹೀಗೆ ಕಂಡರೆ ಆ ಕಟ್ಟಿಗೆಯನ್ನು ಬೇರೆ ಊರಿಗೆ ಸಾಗಿಸದೆ, ಸಿಕ್ಕ ಹುಳುವನ್ನು ಮುಚ್ಚಳವಿರುವ ಸೀಸೆಯಲ್ಲಿಟ್ಟು, ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ಕಾಲೇಜಿಗೋ ಒಯ್ಯಬೇಕು. ಹತ್ತರಲ್ಲಿ ಒಂಬತ್ತು ಸಲ ಅದು ಊರಿನದೇ ಹುಳುವಾಗಿರಬಹುದು. ಆ ಒಂಬತ್ತು ಸಲದ ಓಡಾಟ ನಷ್ಟವಲ್ಲ; ಹತ್ತನೆಯದನ್ನು ಗುರುತಿಸುವ ಅಭ್ಯಾಸ.

ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರು ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ. 2020ರಲ್ಲಿ ಕಲಬುರಗಿಯ ಹಳ್ಳಿಗಳು ತಮ್ಮವರನ್ನೇ ಶಾಲೆಯ ಕೋಣೆಗಳಲ್ಲಿ ಕೂರಿಸಿ ಕಾದದ್ದು, ರೋಗ ಒಳಗೆ ಬಂದ ಮೇಲೆ ಮಾಡುವುದಕ್ಕಿಂತ ಬರುವ ಮುನ್ನ ಮಾಡುವುದು ಸುಲಭವೆಂಬ ನಂಬಿಕೆಯಿಂದ. ಅದರ ನೋವನ್ನೂ ಅವು ಉಂಡಿವೆ. ಮನುಷ್ಯರಿಗೆ ಅಷ್ಟೊಂದು ಕಟ್ಟುನಿಟ್ಟನ್ನು ವಿಧಿಸಿದ ವ್ಯವಸ್ಥೆ ಒಂದು ಮರದ ಪೆಟ್ಟಿಗೆಗೆ ಅದರ ಅರ್ಧದಷ್ಟನ್ನಾದರೂ ವಿಧಿಸಲಿ ಎಂದು ಕೇಳುವ ಹಕ್ಕು ಸರಸಂಬಾಕ್ಕಿದೆ. ಆ ಮಾತಿಗೆ ಬೆಟ್ಟದ ಊರುಗಳೂ ದನಿಗೂಡಿಸಬೇಕು. ಬಯಲಿನ ಹಿತ್ತಿಲಿನಲ್ಲಿ ನಿಂತ ಬೇವು ಬನ್ನಿಗಳಿಗೂ ಘಟ್ಟದ ಕಾಡಿಗೂ ಕಾವಲು ಒಂದೇ.